ಕಾರ್ಬನ್ ಡಾಟ್ ಫಿಲ್ಮ್: ಒಣಗಿದ ಮೇಲೂ ಹೊಳೆಯಿತು

ಕಾರ್ಬನ್ ಡಾಟ್ ಅಂದರೆ ಯುವಿ (ನೇರಳಾತೀತ) ಬೆಳಕು ಬಿದ್ದಾಗ ಹೊಳೆಯುವ ಇಂಗಾಲದ ಅತಿಸಣ್ಣ ಕಣ. ಕಳೆದ ಸಲ ಬರೆದಾಗ ಅದು ನೀರಿನಲ್ಲಿ ಜೋರಾಗಿ ಹೊಳೆದು, ಗಾಜಿನ ಮೇಲೆ ಒಣಗಿದ್ದೇ ಮಂಕಾಗುತ್ತಿತ್ತು. ಈಗ ಒಣಗಿದ ತೆಳು ಪದರವೂ (ಫಿಲ್ಮ್) ಹೊಳೆಯುತ್ತಿದೆ.

ಹೊಸಬರಿಗಾಗಿ: ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಯೂರಿಯಾ, ಒಂದಿಷ್ಟು ನೀರು. ಅಡುಗೆಗೆ ಬಳಸದ ಹಳೇ ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಕಂದು ಗಟ್ಟಿ ಉಳಿಯುತ್ತದೆ, ಅದನ್ನು ನೀರಿನಲ್ಲಿ ಕರಗಿಸಿದರೆ ಡಾಟ್‌ಗಳ ದ್ರಾವಣ. ಅಮೋನಿಯಾ ಘಾಟು ಏಳುತ್ತದೆ, ಹಾಗಾಗಿ ಇದು ಬಾಲ್ಕನಿ ಕೆಲಸ. ಕಣಗಳ ಗಾತ್ರ 10 ನ್ಯಾನೋಮೀಟರ್‌ಗಿಂತ ಕಡಿಮೆ. ಸೀಸ ಇರುವ ಸೀಸಿಯಂ ಲೆಡ್ ಬ್ರೋಮೈಡ್ ಎಂಬ ಇನ್ನೊಂದು ಬಗೆಯ ಹೊಳೆಯುವ ಕಣಗಳ ಹಸಿರು ಇದಕ್ಕಿಂತ ಎಷ್ಟೋ ಚೊಕ್ಕ, ಅವು ತಾವಾಗಿಯೇ ಸಾಲುಗಟ್ಟುತ್ತವೆ ಕೂಡ. ಆದರೆ ಸೀಸವನ್ನು ಮನೆಯೊಳಗೆ ತರುವ ಮಾತೇ ಇಲ್ಲ.

ಸಮಯ ತಿಂದದ್ದು ಡಯಾಲಿಸಿಸ್, ಅಂದರೆ ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಪೊರೆಯಿಂದ ದ್ರಾವಣವನ್ನು ತೊಳೆಯುವುದು. ದ್ರಾವಣವನ್ನು ಪೊರೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟೆ. ಮರುದಿನ 365 ನ್ಯಾನೋಮೀಟರ್ ಯುವಿ ಟಾರ್ಚ್ ಬಿಟ್ಟರೆ ಹೊರಗಿನ ನೀರೇ ನೀಲಿಯಾಗಿ ಉರಿಯುತ್ತಿದೆ! ಚೀಲದೊಳಗೆ ಉಳಿದದ್ದು ಸ್ವಲ್ಪ ಮಂದ, ಹಸಿರು ಕಡೆಗೆ ವಾಲಿದ ಬಣ್ಣ. ಅಂದರೆ ಹೊಳಪಿನ ದೊಡ್ಡ ಪಾಲು ಕಣಗಳದ್ದಲ್ಲ, ಕಾಯಿಸುವಾಗ ಹುಟ್ಟುವ ಸಿಟ್ರಾಜಿನಿಕ್ ಆಮ್ಲದಂಥ ಸಣ್ಣ ಅಣುಗಳದ್ದು. ತೊಳೆಯದ ದ್ರಾವಣವನ್ನೇ ಹಿಡಿದು "ಕ್ವಾಂಟಮ್ ಡಾಟ್ (ಇಂಥ ಹೊಳೆಯುವ ಕಣ) ರೆಡಿ" ಅನ್ನುವ ವಿಡಿಯೋಗಳನ್ನು ಇನ್ನು ನಾನು ನಂಬುವುದಿಲ್ಲ.

ಒಣಗಿಸುವುದೇ ಅಸಲು ಕೆಲಸ. ಹನಿಯ ಅಂಚು ಗಾಜಿಗೆ ಕಚ್ಚಿಕೊಂಡಿರುತ್ತದೆ, ನೀರು ಅಲ್ಲೇ ಬೇಗ ಆರುತ್ತದೆ. ಆ ಜಾಗ ತುಂಬಲು ಒಳಗಿನ ನೀರು ಹರಿದುಬಂದು ಕಣಗಳನ್ನೂ ಎಳೆದುತರುತ್ತದೆ. ಕಾಫಿ ಚೆಲ್ಲಿದ ಕಲೆಗೆ ದಟ್ಟ ಅಂಚು ಬರುವುದೂ ಹೀಗೇ ಎಂದು 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ತಂಡ ವಿವರಿಸಿತ್ತು. ನಡುವೆ ತೂತಿರುವ ಮುಚ್ಚಳ ಕವುಚಿದರೆ ಆವಿ ನಡುವಿನಿಂದ ಹೊರಡುತ್ತದೆ, ಉಂಗುರ ಕಟ್ಟುವುದಿಲ್ಲ. ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಗುಂಡುಸೂಜಿ ಚುಚ್ಚಿದ್ದೇ ಸಾಕಾಯಿತು. ಮಳೆ ಹಿಡಿದ ದಿನ ಮಾತ್ರ ಹನಿ ಆರುವುದೇ ಇಲ್ಲ.

ಉಂಗುರ ಹೋದರೂ ಮಂಕು ಹೋಗಲಿಲ್ಲ. ಕಣಗಳು ಒತ್ತಿಕೊಂಡು ಕೂತರೆ ಒಂದು ಹೀರಿದ ಶಕ್ತಿ ಪಕ್ಕದ್ದಕ್ಕೆ ದಾಟುತ್ತಾ ಹೋಗಿ, ಬೆಳಕಾಗದೆ ಬಿಸಿಯಾಗಿ ಮುಗಿಯುತ್ತದೆ. ಬಿಸಿನೀರಿನಲ್ಲಿ ಪಾಲಿವಿನೈಲ್ ಆಲ್ಕೋಹಾಲ್ (ನೀರಿನಲ್ಲಿ ಕರಗುವ ಪ್ಲಾಸ್ಟಿಕ್) ಕರಗಿಸಿ, ತಣ್ಣಗಾದ ಮೇಲೆ ಡಾಟ್ ಬೆರೆಸಿ ಸುರಿದೆ. ಅದರ ಉದ್ದ ಸರಪಳಿಯಂಥ ಅಣುಗಳು ಕಣಗಳ ನಡುವೆ ಅಂತರ ಕಾದವು. ಸುಲಿದರೆ ಕ್ಲಿಂಗ್ ಫಿಲ್ಮ್‌ಗಿಂತ ತುಸು ದಪ್ಪದ ಹಾಳೆ, ಅಂಚಿನಲ್ಲಿ ಹೊಳಪು ಹೆಚ್ಚು, ಏಕೆಂದರೆ ಒಳಗೇ ಸಿಕ್ಕಿಕೊಂಡ ಬೆಳಕು ಅಲ್ಲಿಂದ ಹೊರಬೀಳುತ್ತದೆ.

ಇದನ್ನು ಸ್ವಯಂಜೋಡಣೆ (ಕಣಗಳು ತಾವಾಗಿಯೇ ಕ್ರಮವಾಗಿ ಜೋಡಿಕೊಳ್ಳುವುದು) ಅನ್ನಲು ನನಗೇ ಸಂಕೋಚ. ಕಣಗಳು ದೂರ ನಿಂತಿವೆ ಅಷ್ಟೇ, ಸಾಲು ಗೀಲು ಏನೂ ಇಲ್ಲ. ನಿಜವಾದ ಜೋಡಣೆ ಅಂದರೆ ನಮ್ಮ ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದ್ದು: ಬಿಲ್ಲೆಯಾಕಾರದ ಅಣುಗಳು ತಾವಾಗಿಯೇ ಒಂದರ ಮೇಲೊಂದು ಕೂತು ಕಂಬ ಕಟ್ಟಿದ ದ್ರವಸ್ಫಟಿಕ (ದ್ರವದಂತೆ ಹರಿದರೂ ಅಣುಗಳು ಕ್ರಮದಲ್ಲಿರುವ ವಸ್ತು). ಅಂಥ ಕಂಬಗಳ ಉದ್ದಕ್ಕೂ ವಿದ್ಯುದಾವೇಶ ಸಲೀಸಾಗಿ ಸಾಗುತ್ತದೆ. ಓಎಲ್‌ಇಡಿ (ಕರೆಂಟ್ ಹರಿದಾಗ ಬೆಳಗುವ ಸಾವಯವ ವಸ್ತುವಿನ ದೀಪ) ಪದರಗಳಲ್ಲಿ ಅವನ್ನು ಬಳಸಿ ನೋಡುವುದು ಅದಕ್ಕೇ. ನನ್ನ ಫಿಲ್ಮ್‌ಗೆ ಕರೆಂಟೇ ಹರಿಯುವುದಿಲ್ಲ, ಎಲ್‌ಇಡಿಯ ಬೆಳಕು ನುಂಗಿ ಬಣ್ಣ ಬದಲಿಸುವುದಷ್ಟೇ ಅದರ ಕೆಲಸ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಕೊಂಡ ಯುವಿ ಎಲ್‌ಇಡಿ ಮೇಲೆ ಒಂದು ತುಂಡು ಕೂರಿಸಿದ್ದೇನೆ. ಎಷ್ಟು ಬೇಗ ಹಳದಿಗಟ್ಟುತ್ತದೆ ನೋಡಬೇಕು. ಮುಂದಿನ ಸಲಕ್ಕೆ ಡಿವಿಡಿ ಚೂರಿನಿಂದ ಸ್ಪೆಕ್ಟ್ರೋಮೀಟರ್, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸಾಧನ.