ಬಸ್ಸಿನ ಮುಂದಿನಿಂದ ಬಂದ ಅಜ್ಜಿ

“ಬಸ್ ನಿಂತ್ರೆ ಮುಂದ್ಲಿಂದ ಜನ ದಾಟ್ತಾರೆ ಅಂತ ನಿಂಗೆ ಯಾರೂ ಹೇಳ್ಕೊಡ್ಲಿಲ್ವೇನವ್ವಾ?”

ಗುರುವಾರ ಸಂಜೆಯಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಅಜ್ಜಿ ಕೇಳಿದ್ದು ನನ್ನ ಮಗಳನ್ನು. ನನಗೆ ನೇರವಾಗಿ ತಾಗಿತು, ಏಕೆಂದರೆ ಹಿಂದೆ ಕೂತಿದ್ದವಳು ನಾನು.

ಅವತ್ತೇ ಮಧ್ಯಾಹ್ನ ಅಂಚೆಯಲ್ಲಿ ಲೈಸೆನ್ಸ್ ಬಂದಿತ್ತು. ಸ್ಕೂಟರ್ ತಾನೇ ಓಡಿಸುತ್ತೇನೆ, ನೀನು ಕೂತ್ಕೋ ಅಂದಳು. ಬಸ್ ಸ್ಟಾಪಿನಲ್ಲಿ ಬಸ್ಸೊಂದು ನಿಂತಿತ್ತು, ಇವಳು ಅದೇ ವೇಗದಲ್ಲಿ ಬಲಕ್ಕೆ ತೆಗೆದುಕೊಂಡಳು. ಬಸ್ಸಿನ ಮೂತಿಯ ಹತ್ತಿರದಿಂದ ಒಂದು ಚೀಲ, ಅದರ ಹಿಂದೆ ಒಂದು ಸೀರೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದಳು, ಮರಳಿನಲ್ಲಿ ಚಕ್ರ ಜಾರಿತು, ಗಾಡಿ ವಾಲಿತು, ಮಗಳು ಕಾಲು ಊರಿದಳು. ಅಜ್ಜಿಗೆ ಏನೂ ಆಗಲಿಲ್ಲ. ಸೊಪ್ಪು ಮಾತ್ರ ರಸ್ತೆ ತುಂಬ ಚೆಲ್ಲಿತು. ನಾವಿಬ್ಬರೂ ಬಗ್ಗಿ ಆರಿಸುತ್ತಿದ್ದಾಗ ಆಕೆ ಕೇಳಿದ ಮಾತು ಅದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾರೂ ಹೇಳಿಕೊಟ್ಟಿರಲಿಲ್ಲ, ನಿಜ. ಡ್ರೈವಿಂಗ್ ಸ್ಕೂಲಿನವರು ಹದಿನೈದು ದಿನ ಕಲಿಸಿದ್ದು ಎಂಟು ಹಾಕುವುದನ್ನು. ಟೆಸ್ಟ್ ದಿನ ಅಲ್ಲಿ ಕಲಿಸುವ ಹುಡುಗ ನನ್ನೆದುರೇ ಹೇಳಿದ್ದ: “ಕಾಲು ಮಾತ್ರ ಊರ್ಬೇಡ, ಪಾಸ್ ಮಾಡ್ತಾರೆ.” ಮಗಳು ಊರಲಿಲ್ಲ. ಎರಡು ನಿಮಿಷದಲ್ಲಿ ಮುಗಿಯಿತು. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರನ್ನು ನಾನು ದೂರುವುದಿಲ್ಲ, ಸಾಲು ಅಷ್ಟುದ್ದ ಇತ್ತು. ಆದರೆ ಖಾಲಿ ಮೈದಾನದಲ್ಲಿ ಎಂಟು ಹಾಕಿದವಳಿಗೆ ನಿಂತ ಬಸ್ಸು, ಬಾಗಿಲು ತೆರೆಯುವ ಕಾರು, ಅಡ್ಡ ಬರುವ ದನ ಇವು ಯಾವುವೂ ಪರೀಕ್ಷೆಗೆ ಬರಲಿಲ್ಲ. ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ರಸ್ತೆ ಚಿಹ್ನೆಗಳನ್ನು ಬಾಯಿಪಾಠ ಮಾಡಿದ್ದಳು, ಅಷ್ಟೇ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತೇನೆ. 40ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಜ್ಜಿ ಕಣ್ಣಿಗೆ ಬಿದ್ದು ಕೈ ಬ್ರೇಕಿನ ಮೇಲೆ ಬಿಗಿಯಾಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಇದನ್ನು ಮಗಳಿಗೂ ಹೇಳಿದ್ದೆ, ಪರೀಕ್ಷೆಯ ಹಿಂದಿನ ರಾತ್ರಿ, ಐದು ಅಂಕದ ಪ್ರಶ್ನೆಗಾಗಿ. ಸ್ಕೂಟರಿನ ಕೀ ಕೊಡುವಾಗ ಹೇಳಲಿಲ್ಲ.

ನಮ್ಮ ಕಾಲೇಜಿಗೆ ಹದಿನಾರು, ಹದಿನೇಳರ ಹುಡುಗರು ಬೈಕಿನಲ್ಲಿ ಬರುತ್ತಾರೆ. ಗೇಟಿನೊಳಗೆ ಬಿಡುವುದಿಲ್ಲ, ಆಚೆಯ ಅಂಗಡಿ ಮುಂದೆ ನಿಲ್ಲಿಸಿ ಬರುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಒಬ್ಬರು ಎದ್ದು, “ಬೆಳಗ್ಗೆ ಇರೋದು ಒಂದೇ ಬಸ್ಸು ಮೇಡಂ, ಅದೂ ತುಂಬಿ ಬರುತ್ತೆ, ಏನ್ಮಾಡ್ಲಿ ಹೇಳಿ” ಅಂದರು. ಅವರ ಊರಿಗೆ ನಾನು ಹೋಗಿದ್ದೇನೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ಪಕ್ಕದಲ್ಲೇ, ಹತ್ತನೇ ತರಗತಿ ಪಾಸಾದ ಖುಷಿಗೆ 200 ಸಿಸಿ ಬೈಕ್ ಕೊಡಿಸಿದವರೂ ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹತ್ತಿರ ಹತ್ತಿರ 75 ಸಾವಿರ ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದನ್ನೂ ಸಭೆಯಲ್ಲಿ ಹೇಳಿದ್ದೆ. ಬೈಕ್ ಕೊಡಿಸಿದ ಆ ತಂದೆ ಆಗ ಫೋನ್ ನೋಡುತ್ತಿದ್ದರು.

ಗುರುವಾರ ರಾತ್ರಿ ಮಗಳು ಊಟ ಮಾಡಲಿಲ್ಲ. “ನಾನು 40ರಲ್ಲೇ ಇದ್ದೆ ಅಮ್ಮ, ಜೋರಾಗೇನೂ ಹೋಗ್ತಿರ್ಲಿಲ್ಲ” ಎಂದು ಮೂರು ಸಲ ಹೇಳಿದಳು. ನಿಜ, ಜೋರಾಗಿರಲಿಲ್ಲ. ನಿಂತ ಬಸ್ಸಿನ ಪಕ್ಕದಲ್ಲಿ 40 ಎಷ್ಟು ಅನ್ನುವುದು ಅವಳ ಕೈಗೆ ಗೊತ್ತಿರಲಿಲ್ಲ.

ಇವತ್ತು ಭಾನುವಾರ. ಬೆಳಗ್ಗೆ ಆರಕ್ಕೆ ಸಂತೆ ಮೈದಾನಕ್ಕೆ ಹೋದೆವು, ಸುಣ್ಣದ ಪುಡಿ, ಅಳತೆ ಟೇಪು ಹಿಡಿದು. ಹೆಲ್ಮೆಟ್ ಪಟ್ಟಿ ನಾನೇ ಎಳೆದು ನೋಡಿದೆ. ಎರಡೂ ಬ್ರೇಕ್ ಸೇರಿಸಿ ಹಿಡಿಯಬೇಕು, ಒಮ್ಮೆಲೇ ಅಲ್ಲ, ಒತ್ತುತ್ತಾ ಹೋಗಬೇಕು ಎಂದು ಹೇಳಿ ಗೆರೆ ಎಳೆದೆ. ಮೊದಲು 20ರಲ್ಲಿ ಬಂದು ಗೆರೆಯ ಹತ್ತಿರ ಬ್ರೇಕ್ ಹಿಡಿದಳು. ನಿಂತ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟೆವು. ಆಮೇಲೆ 40ರಲ್ಲಿ. ಎರಡನೆಯ ಇಟ್ಟಿಗೆ ಇಟ್ಟು ಅವಳು ಹಿಂತಿರುಗಿ ಮೊದಲನೆಯದನ್ನು ನೋಡಿದಳು. ಟೇಪು ಬಿಚ್ಚಲಿಲ್ಲ. ಗಾಡಿಯ ಪಕ್ಕದಲ್ಲಿ ಸುಮ್ಮನೆ ನಿಂತು, “ಅಜ್ಜಿ ಎಲ್ಲಿದ್ರು ಅಮ್ಮ, ಇಲ್ಲೇ ಅಲ್ವಾ?” ಎಂದು ಎರಡು ಇಟ್ಟಿಗೆಗಳ ನಡುವೆ ಕೈ ತೋರಿಸಿದಳು.