ಬೀಕರ್‌ಗೆ ಎಷ್ಟಾಯ್ತದೆ ಸಾ?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಬೀಕರ್‌ಗೆ ಎಷ್ಟಾಯ್ತದೆ ಸಾ?"

ಆಗ ನಾನು ಕುಕ್ಕರಗಾಲಲ್ಲಿ ಕೂತು ಆ ಹುಡುಗನ ಕಾಲಿಗೆ ಚೊಂಬಿನಿಂದ ನೀರು ಹುಯ್ಯುತ್ತಿದ್ದೆ. ಪಾದದ ಮೇಲ್ಭಾಗ ಕೆಂಪಗಾಗಿತ್ತು. ಹೆಬ್ಬೆರಳ ಬುಡದಲ್ಲಿ ಚರ್ಮ ನೆನೆದ ಕಾಗದದ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಹಲ್ಲು ಕಚ್ಚಿಕೊಂಡೇ ಅವನು ಬೀಕರಿನ ರೇಟು ಕೇಳಿದ.

ಹತ್ತನೇ ಕ್ಲಾಸು, ಆಮ್ಲ ಪ್ರತ್ಯಾಮ್ಲದ ಪಾಠ. ಸತುವಿನ ಚೂರಿಗೆ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾದ ದ್ರಾವಣ ಹಾಕಿ ಬಿಸಿ ಮಾಡಿ, ಬರುವ ಹೈಡ್ರೋಜನ್ನಿಗೆ ಕಡ್ಡಿ ಹಿಡಿದು 'ಟಪ್' ಅನ್ನಿಸುವ ಪ್ರಯೋಗ. ದ್ರಾವಣ ತೆಳುವಾಗಿದ್ದರೆ ಗುಳ್ಳೆ ಏಳುವುದು ನಿಧಾನ. ನಲವತ್ತು ನಿಮಿಷದ ಪೀರಿಯಡ್ಡು, ನಲವತ್ತೆರಡು ಮಕ್ಕಳು. ಅದಕ್ಕೇ 250 ಎಂಎಲ್ ನೀರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಕೊಂಚ ಜೋರಾಗಿಯೇ ಮಾಡಿಕೊಂಡಿದ್ದೆ. ನಮಗೆ ಲ್ಯಾಬ್ ಅಟೆಂಡರ್ ಇಲ್ಲ. "ಹಿಂದಿನ ಟೇಬಲ್‌ಗೆ ಕೊಟ್ಟು ಬಾರೋ" ಅಂತ ಅರ್ಧ ಬೀಕರ್ ದ್ರಾವಣ ಅವನ ಕೈಗೆ ಕೊಟ್ಟವನೂ ನಾನೇ.

ಹಿಂದಿನ ಟೇಬಲ್ ಅಂದರೆ ಬಿಸಿಯೂಟದ ಅಕ್ಕಿ ಮೂಟೆಗಳ ಪಕ್ಕ. ಇತ್ತ ಟಪ್ ಅಂದು ಹುಡುಗರು ಚಪ್ಪಾಳೆ ಹೊಡೆಯುವಾಗ ಅತ್ತ ಬೀಕರ್ ಜಾರಿತು. ನನಗೆ ಗೊತ್ತೇ ಆಗಲಿಲ್ಲ. ಅವನು ಗಾಜಿನ ಚೂರುಗಳನ್ನು ಕಾಲಿನಿಂದಲೇ ಮೂಟೆ ಸಂದಿಗೆ ತಳ್ಳಿ, ನೆಲವನ್ನು ಕರ್ಚೀಫಿನಲ್ಲಿ ಒರೆಸಿ, ಏನೂ ಆಗದವನ ಹಾಗೆ ನಿಂತುಬಿಟ್ಟ. ಹತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ಒಬ್ಬಳು ಹುಡುಗಿ, "ಸಾ, ಇವನ ಕಾಲು ನೋಡಿ" ಅಂದಳು.

"ಯಾಕೋ ಹೇಳ್ಲಿಲ್ಲ?"

"ಆಸಿಡ್ ಅಲ್ವಲ್ಲ ಸಾ. ಸೋಪ್ ಥರ ಜಾರ್ತಿತ್ತು."

ಇದು ನನ್ನದೇ ಪಾಠ. ಪ್ರತ್ಯಾಮ್ಲ ಮುಟ್ಟಿದರೆ ಸಾಬೂನಿನ ಹಾಗೆ ಜಾರುತ್ತದೆ ಅಂತ ವರ್ಷ ವರ್ಷ ಬೋರ್ಡಿನ ಮೇಲೆ ಬರೆಸುತ್ತೇನೆ, ಒಂದು ಅಂಕದ ಪ್ರಶ್ನೆ. ಯಾಕೆ ಜಾರುತ್ತದೆ ಅಂತ ಹೇಳಿದ್ದು ನೆನಪಿಲ್ಲ. ಕ್ಷಾರ, ಅಂದರೆ ನೀರಲ್ಲಿ ಕರಗುವ ಪ್ರತ್ಯಾಮ್ಲ, ಕೊಬ್ಬಿನ ಜೊತೆ ಸೇರಿದರೆ ಸಾಬೂನು. ಬೆರಳು ಜಾರುತ್ತಿದೆ ಅಂದರೆ ನಮ್ಮ ಚರ್ಮದ ಕೊಬ್ಬೇ ಸಾಬೂನಾಗುತ್ತಿದೆ ಅಂತ ಅರ್ಥ. ಆಸಿಡ್ ಬಿದ್ದ ತಕ್ಷಣ ಉರಿದು ಕಿರುಚಿಸುತ್ತದೆ. ಕಾಸ್ಟಿಕ್ ಸೋಡಾ ಮೊದಮೊದಲು ನುಣ್ಣಗೆ ಇದ್ದು ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ನಾವೋ ಆಸಿಡ್ ಆಸಿಡ್ ಅಂತ ಹೆದರಿಸಿ, ಇದನ್ನು ಸಾಧು ಪ್ರಾಣಿ ಮಾಡಿಟ್ಟಿದ್ದೇವೆ.

ಸಿಂಕಿನ ನಲ್ಲಿ ತಿರುಗಿಸಿದರೆ ಬುಸ್ ಅಂದಿತು, ನೀರಿಲ್ಲ. ಕರೆಂಟ್ ಹೋಗಿ ಮೋಟಾರ್ ಓಡಿರಲಿಲ್ಲ. ಕಾಂಪೌಂಡಿನ ಆಚೆ ನಾಲೆ ತುಂಬಿ ಹರಿಯುತ್ತಿದೆ, ಕನ್ನಂಬಾಡಿ ನೀರು ಕುಡಿದ ಕಬ್ಬು ಆಳೆತ್ತರ ನಿಂತಿದೆ, ಲ್ಯಾಬಿನ ನಲ್ಲಿಯಲ್ಲಿ ಗಾಳಿ. ಓಡಿ ಬಂದ ಗಣಿತದ ಮೇಷ್ಟ್ರು, "ನಿಂಬೆಹುಳಿ ಹಿಂಡಿ ಸಾರ್, ನ್ಯೂಟ್ರಲ್ ಆಗುತ್ತೆ" ಅಂದರು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಕೊಡಬಹುದು. ಚರ್ಮದ ಮೇಲೆ ಆಮ್ಲ ಪ್ರತ್ಯಾಮ್ಲ ಕೂಡಿಸಲು ಹೋದರೆ ಅದರ ಶಾಖವೇ ಮತ್ತೆ ಸುಡುತ್ತದೆ, ಮೇಲಾಗಿ ತೊಳೆಯುವುದು ತಡವಾಗುತ್ತದೆ. ಪಿಟಿ ಮೇಷ್ಟ್ರು ಟೂತ್‌ಪೇಸ್ಟ್ ಹುಡುಕಲು ಹೊರಟಿದ್ದರು. ಯಾರ ಸಲಹೆಗೂ ಕಾಯದೆ ಎರಡು ಕೊಡ ನೀರು ಹೊತ್ತು ತಂದವರು ಅಡುಗೆ ಅಕ್ಕ. "ಹುಯ್ತಾ ಇರಿ ಸಾ, ನಾನ್ ತತ್ತೀನಿ" ಅಂತ ಇಪ್ಪತ್ತು ನಿಮಿಷ ಹ್ಯಾಂಡ್‌ಪಂಪಿಗೂ ಲ್ಯಾಬಿಗೂ ಓಡಾಡಿದರು. ಅವತ್ತು ಸ್ಕೂಲಿನಲ್ಲಿ ವಿಜ್ಞಾನ ಗೊತ್ತಿದ್ದವರು ಅವರೊಬ್ಬರೇ. ಸಾರು ತಳ ಹಿಡಿಯಿತು ಅಂತ ಹೆಡ್‌ಮಾಸ್ಟರ್ ಆಮೇಲೆ ಗೊಣಗಿದರಂತೆ, ಇರಲಿ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಮ್ಮ ಗಾಯ ನೋಡಿ, ಮೇಲ್ಪದರ ಅಷ್ಟೇ, ವಾಸಿಯಾಗುತ್ತೆ ಅಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. "ಕಣ್ಣಿಗೆ ಹಾರಿದ್ರೆ ಏನ್ ಮಾಡ್ತಿದ್ರಿ? ಆಸಿಡ್‌ಗಿಂತ ಇದು ಕಣ್ಣಿಗೆ ಕೆಟ್ಟದ್ದು." ಲ್ಯಾಬ್ ಕಿಟ್ಟಿನ ಜೊತೆ ಬಂದ ಆರು ಕನ್ನಡಕಗಳು ಬೀರುವಿನಲ್ಲಿವೆ. ಗೀರು ಬೀಳುತ್ತದೆ ಅಂತ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಎರಡನೆಯದು: "ಬರಿಗಾಲಲ್ಲಿ ಯಾಕಿದ್ದ?"

ಯಾಕೆ ಅಂದರೆ ನಾವು ಚಪ್ಪಲಿ ಹೊರಗೆ ಬಿಡಿಸುತ್ತೇವೆ. ಲ್ಯಾಬ್ ಗಲೀಜಾಗಬಾರದಲ್ಲ. ಇಡೀ ಸ್ಕೂಲಿನಲ್ಲಿ ಗಾಜು ಒಡೆಯುವ, ಆಸಿಡ್ ಚೆಲ್ಲುವ ಕೋಣೆ ಅದೊಂದೇ. ಅಲ್ಲೇ ದೇವಸ್ಥಾನದ ಬಾಗಿಲಿನ ಹಾಗೆ ಚಪ್ಪಲಿ ಸಾಲು.

ಆ ಬಾಗಿಲ ಮೇಲೆ ಇನ್ನೊಂದು ಇದೆ. 'ಉಪಕರಣ ಒಡೆದವರೇ ಹಣ ಕಟ್ಟತಕ್ಕದ್ದು.' ನಾನೇ ಬರೆಸಿದ್ದು, ಕೆಂಪು ಆಯಿಲ್ ಪೇಂಟಿನಲ್ಲಿ. ಲ್ಯಾಬಿನಲ್ಲಿ ಬೇರೆ ಯಾವ ಬೋರ್ಡೂ ಇಲ್ಲ, ಬಿದ್ದರೆ ತೊಳೆದುಕೋ ಅಂತಲೂ ಇಲ್ಲ. ಎಲ್ಲಿಂದ ಬಂತು ಈ ಬುದ್ಧಿ ಅಂತ ಯೋಚಿಸಿದೆ. ಮೈಸೂರಲ್ಲಿ ಬಿಎಸ್ಸಿ ಓದುವಾಗ ಕಾಷನ್ ಡಿಪಾಸಿಟ್ ಅಂತ ಕಟ್ಟಿಸಿಕೊಂಡು, ಒಡೆದ ಒಂದೊಂದು ಟೆಸ್ಟ್‌ಟ್ಯೂಬಿಗೂ ಅದರಲ್ಲಿ ಮುರಿದುಕೊಳ್ಳುತ್ತಿದ್ದರು. ಆಗ ದ್ರಾವಣ ಅಳೆಯುವ ಗಾಜಿನ ಕೊಳವೆ ಪಿಪೆಟ್ಟನ್ನು ಬಾಯಲ್ಲೇ ಎಳೆಯುತ್ತಿದ್ದೆವು. ಒಮ್ಮೆ ಇದೇ ಸೋಡಿಯಂ ಹೈಡ್ರಾಕ್ಸೈಡ್ ನನ್ನ ನಾಲಿಗೆಗೆ ಬಂದಿತ್ತು. ಹೊರಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಪಿಪೆಟ್ ಒಡೆದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡು ಒಳಗೆ ಬಂದಿದ್ದೆ. ನಾಲ್ಕು ದಿನ ಊಟ ರುಚಿಸಲಿಲ್ಲ. ಯಾರಿಗೂ ಹೇಳಲಿಲ್ಲ.

ಸಾಯಂಕಾಲ ಹುಡುಗನ ಅಪ್ಪ ಬಂದರು. ಆಲೆಮನೆಯಲ್ಲಿ ಕೊಪ್ಪರಿಗೆ ಹತ್ತಿರದ ಕೆಲಸ, ಮೊಳಕೈವರೆಗೂ ಹಳೇ ಸುಟ್ಟ ಕಲೆಗಳು. ಬಯ್ಯುತ್ತಾರೆ ಅಂತ ತಯಾರಾಗಿಯೇ ನಿಂತಿದ್ದೆ, ಬಯ್ದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಶರ್ಟಿನ ಜೇಬಿಗೆ ಕೈಹಾಕಿ, "ಏನೋ ಒಡ್ದಾಕವ್ನಂತೆ. ಎಷ್ಟಾಯ್ತದೆ ಸಾ?" ಅಂದರು. ಬೇಡ ಬೇಡ ಅಂದಿದ್ದಕ್ಕೆ ನನಗೇ ಸಮಾಧಾನ ಹೇಳಿದರು: "ಚಿಕ್ ಗಾಯ ಬುಡಿ, ನಮ್ಗೆ ದಿನಾ ಆಯ್ತದೆ."

ಬುಧವಾರ ದಾಸ್ತಾನು ಪುಸ್ತಕ ತೆಗೆದೆ. ಬೀಕರ್, 250 ಎಂಎಲ್, ಒಂದು, ಒಡೆದಿದೆ. ಕಾಲಿನ ವಿಷಯ ಬರೆಯಲು ಅದರಲ್ಲಿ ಕಾಲಂ ಇಲ್ಲ. ಷರಾ ಅನ್ನುವ ಕಡೆ ಸಣ್ಣಕ್ಷರದಲ್ಲಿ ಬರೆದೆ. ಹೆಡ್‌ಮಾಸ್ಟರ್ ನೋಡಿ, "ಇದೆಲ್ಲ ಯಾಕ್ರೀ ರೆಕಾರ್ಡ್ ಮಾಡ್ತೀರಿ?" ಅಂದರು. ಕೆಟ್ಟ ಮನುಷ್ಯರೇನಲ್ಲ, ರಿಟೈರ್‌ಮೆಂಟಿಗೆ ಎಂಟು ತಿಂಗಳಿದೆ.

ಬಾಗಿಲ ಮೇಲಿನ ಬರಹವನ್ನು ಥಿನ್ನರ್ ಹಾಕಿ ಉಜ್ಜಿದೆವು. 'ಕಟ್ಟತಕ್ಕದ್ದು' ಮಾತ್ರ ಹೋಗುತ್ತಿಲ್ಲ. ಶುಕ್ರವಾರ ಎಲ್ಲರನ್ನೂ ಚಪ್ಪಲಿ ಹಾಕಿಸಿಯೇ ಒಳಗೆ ಬಿಟ್ಟೆ. ಮೂಲೆಯಲ್ಲಿ ಎರಡು ಕೊಡ ನೀರು. ನೆಲದ ತುಂಬ ಕೆಂಪು ಕೆಸರು. ಬ್ಯಾಂಡೇಜ್ ಕಾಲಿನವನು ಹೊಸಲಲ್ಲಿ ನಿಂತು, ಅಭ್ಯಾಸಬಲದಿಂದ ಒಳ್ಳೇ ಕಾಲಿನ ಚಪ್ಪಲಿ ಬಿಡುತ್ತಿದ್ದ.