ಹಳೆಯ ಲೆಡ್ಜರ್ ಕಡತಗಳಿಂದ ಪಿಡಿಎಫ್: ನಿಯಂತ್ರಣ ಸಂಕೇತಗಳ ಹಂತ

ಮಾಟುಂಗಾದಲ್ಲಿ ನಮ್ಮ ಕಡೆಯವರೇ ನಡೆಸುತ್ತಿರುವ ಪತ್ತಿನ ಸಹಕಾರಿ ಸಂಘವೊಂದರ ಹಳೆಯ ಲೆಡ್ಜರ್‌ಗಳನ್ನು ಪಿಡಿಎಫ್ ಮಾಡುವ ಕೆಲಸ ಈಗ ಮುಖ್ಯ ತೊಡಕನ್ನು ದಾಟಿದೆ. ಡಾಸ್ ಕಾಲದ ಕ್ಲಿಪ್ಪರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೋಗಬೇಕಾದುದನ್ನೇ ಇದ್ದಂತೆ ಕಡತಗಳಲ್ಲಿ ಉಳಿಸಿರುವುದರಿಂದ, ಸದಸ್ಯರ ಖಾತೆಗಳ ನಡುವೆ ಎಪ್ಸನ್ ಪದ್ಧತಿಯ ಆಜ್ಞೆಗಳೂ, ಅಂದರೆ ಹೇಗೆ ಮುದ್ರಿಸಬೇಕೆಂದು ಪ್ರಿಂಟರಿಗೆ ಹೇಳುವ ಸಂಕೇತಗಳೂ ಬೆರೆತುಕೊಂಡಿವೆ.

ಹಿಂದೆ ಯಾರೋ ಇವನ್ನು ಓದುವಂತೆ ಮಾಡಲು ಹೋಗಿ, ಸಾಲು ಮುರಿಯುವ ಸಂಕೇತಗಳನ್ನಷ್ಟೇ ಬಿಟ್ಟು 32ಕ್ಕಿಂತ ಕೆಳಗಿನ ಬೈಟುಗಳನ್ನೆಲ್ಲ ಅಳಿಸಿದ್ದರು (ಕಡತದಲ್ಲಿ ಪ್ರತಿ ಅಕ್ಷರವೂ ಸಂಕೇತವೂ ಬೈಟು ಎಂಬ ಒಂದು ಸಂಖ್ಯೆಯಾಗಿರುತ್ತದೆ; 32ಕ್ಕಿಂತ ಕೆಳಗಿನವು ಅಕ್ಷರಗಳಲ್ಲ, ನಿಯಂತ್ರಣ ಸಂಕೇತಗಳು). ಆ ಪ್ರತಿಯಲ್ಲಿ 'ಟೋಟಲ್' ಎಂದಿರಬೇಕಾದ ಕಡೆಯಲ್ಲೆಲ್ಲ 'ಇಟೋಟಲ್‌ಎಫ್' ಎಂದಿದೆ. ದಪ್ಪಕ್ಷರವನ್ನು ಆರಂಭಿಸುವ ಆಜ್ಞೆ 27 ಮತ್ತು 69, ನಿಲ್ಲಿಸುವ ಆಜ್ಞೆ 27 ಮತ್ತು 70. ಇವುಗಳಲ್ಲಿ ಎಸ್ಕೇಪ್ ಎನಿಸಿಕೊಂಡ 27 ಅಳಿದುಹೋದರೆ 69 ಮತ್ತು 70 ಎಂಬವು ಇಂಗ್ಲಿಷಿನ ಇ ಮತ್ತು ಎಫ್ ಅಕ್ಷರಗಳಾಗಿ ಉಳಿದುಬಿಡುತ್ತವೆ. ಆಜ್ಞೆಯನ್ನು ಪೂರ್ತಿಯಾಗಿ ಗುರುತಿಸದೆ ಅದರ ಒಂದು ಬೈಟನ್ನೂ ಮುಟ್ಟಬಾರದೆಂಬ ನಿಯಮವನ್ನು ನಾನು ಹಾಕಿಕೊಂಡದ್ದು ಇದನ್ನು ನೋಡಿದ ಮೇಲೆಯೇ.

ಇದಕ್ಕಿಂತ ಸೂಕ್ಷ್ಮವಾದದ್ದು ಖಾಲಿ ಪುಟಗಳ ಸಮಸ್ಯೆ. ಪ್ರತಿ ವರದಿಯ ಆರಂಭದಲ್ಲಿ 27, 64, 27, 67, 0, 12, 15 ಎಂಬ ಬೈಟುಗಳಿವೆ. ಮೊದಲೆರಡು ಪ್ರಿಂಟರನ್ನು ಮೂಲಸ್ಥಿತಿಗೆ ತರುತ್ತವೆ. ಕೊನೆಯ 15 ಅಕ್ಷರಗಳನ್ನು ಕಿರಿದಾಗಿಸುತ್ತದೆ. ನಡುವಿನ ನಾಲ್ಕು ಬೈಟುಗಳು ಪುಟದ ಉದ್ದವನ್ನು ಇಂಚುಗಳಲ್ಲಿ ಹೇಳುತ್ತವೆ, ಅಂದರೆ ಇಲ್ಲಿನ 12 ಕಾಗದದ ಅಳತೆ. ಬೇರೆ ಕಡೆ ಬರುವ 12 ಮಾತ್ರ ಹೊಸ ಪುಟದ ಸಂಕೇತ. ಎರಡನ್ನೂ ಒಂದೇ ಎಂದು ಬಗೆಯುವ ಪರಿವರ್ತಕಗಳು ವರದಿಗೊಂದರಂತೆ ಖಾಲಿ ಪುಟವನ್ನು ಸೇರಿಸುತ್ತವೆ. ಒಂದೇ ಕಡತದಲ್ಲಿ ಹಲವು ವರದಿಗಳು ಸಾಲಾಗಿರುವುದರಿಂದ, ಮುಂದೆ ಹೋದಂತೆ ಪುಟಸಂಖ್ಯೆ ರಟ್ಟು ಕಟ್ಟಿದ ಕಾಗದದ ಪ್ರತಿಯಿಂದ ದೂರ ಸರಿಯುತ್ತಲೇ ಹೋಗುತ್ತದೆ.

ಆದ್ದರಿಂದ ಈಗಿನ ಪೈಥಾನ್ ಪ್ರೋಗ್ರಾಮು ಕಡತವನ್ನು ಬೈನರಿಯಾಗಿ, ಅಂದರೆ ಬೈಟುಗಳನ್ನು ಬದಲಿಸದೆ ಇದ್ದಂತೆಯೇ ತೆರೆದು ಒಂದೊಂದೇ ಬೈಟನ್ನು ಓದುತ್ತದೆ. 27 ಎದುರಾದರೆ ಮುಂದಿನ ಬೈಟನ್ನು ಕೋಷ್ಟಕದಲ್ಲಿ ಹುಡುಕಿ, ಆ ಆಜ್ಞೆಗೆ ಇನ್ನೆಷ್ಟು ಬೈಟುಗಳು ಸೇರಬೇಕೋ ಅಷ್ಟನ್ನೂ ತೆಗೆದುಕೊಂಡ ಮೇಲೆಯೇ ಪಠ್ಯಕ್ಕೆ ಮರಳುತ್ತದೆ. ಕೋಷ್ಟಕದಲ್ಲಿಲ್ಲದ ಆಜ್ಞೆ ಸಿಕ್ಕರೆ ಅದು ಇರುವ ಸ್ಥಾನವನ್ನೂ ಅಕ್ಕಪಕ್ಕದ ಬೈಟುಗಳನ್ನೂ ತೋರಿಸಿ ನಿಂತುಬಿಡುತ್ತದೆ. ಲೆಕ್ಕಪತ್ರದ ವಿಷಯದಲ್ಲಿ ಗೊತ್ತಿಲ್ಲದುದನ್ನು ಸದ್ದಿಲ್ಲದೆ ದಾಟಿ ಹೋಗುವ ಪ್ರೋಗ್ರಾಮಿಗಿಂತ ಹಟ ಹಿಡಿದು ನಿಲ್ಲುವ ಪ್ರೋಗ್ರಾಮೇ ಮೇಲು.

ಬೈನರಿಯಾಗಿ ತೆರೆಯಲು ಇನ್ನೊಂದು ಕಾರಣವೂ ಇದೆ. ಆ ಹಳೆಯ ಪ್ರತಿಯನ್ನು ನೋಡಿದ ಉಡುಪಿ ಕಡೆಯ ಕೋಶಾಧಿಕಾರಿಗಳು, "ಶಿಲ್ಕು ಎರಡೆರಡು ಸಲ ಬಂದಿದೆಯಲ್ಲ ಮಾರಾಯ್ರೆ, ಒಂದೇ ದುಡ್ಡನ್ನು ಎರಡು ಸಲ ಹಿಡಿದರೋ ಹೇಗೆ?" ಎಂದು ಕೇಳಿದ್ದರು. ಕ್ಲಿಪ್ಪರ್ ಪ್ರೋಗ್ರಾಮು ಕೆಲವೆಡೆ ದಪ್ಪಕ್ಷರದ ಆಜ್ಞೆಯನ್ನು ಬಳಸದೆ, ಸಾಲನ್ನು ಮುದ್ರಿಸಿ, 13ರಿಂದ ಮುದ್ರಣದ ತಲೆಯನ್ನು ಎಡಕ್ಕೆ ತಂದು, ಕಾಗದವನ್ನು ಮೇಲೇರಿಸುವ 10ನ್ನು ಕಳುಹಿಸದೆಯೇ ಅದೇ ಮೊತ್ತವನ್ನು ಅದರ ಮೇಲೆ ಮತ್ತೊಮ್ಮೆ ಹೊಡೆಸುತ್ತದೆ. ಕಾಗದದ ಮೇಲೆ ಇದು ಒಂದೇ ಕಪ್ಪು ಸಾಲು. ಪೈಥಾನ್ ಕಡತವನ್ನು ಪಠ್ಯವಾಗಿ ತೆರೆದಾಗ ಒಂಟಿ 13ನ್ನೂ ಸಾಲಿನ ಕೊನೆಯೆಂದೇ ಎಣಿಸುವುದರಿಂದ ಮೊತ್ತ ಎರಡು ಸಾಲುಗಳಾಗುತ್ತದೆ. ಈಗ 13 ಬಂದರೆ ಅಡ್ಡಸ್ಥಾನವನ್ನು ಮಾತ್ರ ಸೊನ್ನೆಗೆ ತರುತ್ತೇನೆ, 10 ಬಂದರೆ ಮಾತ್ರ ಕೆಳಗಿಳಿಯುತ್ತೇನೆ. ಮೇಲೆ ಮೇಲೆ ಬಿದ್ದ ಅಕ್ಷರಗಳು ಒಂದೇ ಆಗಿದ್ದರೆ ಪಿಡಿಎಫ್‌ನಲ್ಲಿ ಅವನ್ನು ದಪ್ಪವಾಗಿ ಒಮ್ಮೆ ಬರೆಯುತ್ತೇನೆ.

ಅಗಲದ ಲೆಕ್ಕ ಸುಲಭವಾಗಿಯೇ ಕೂಡಿಬಂತು. ಇಂಚಿಗೆ ಹತ್ತು ಅಕ್ಷರಗಳಾದರೆ ಒಂದಕ್ಕೆ 7.2 ಪಾಯಿಂಟ್ (ಇಂಚಿಗೆ 72 ಪಾಯಿಂಟ್), 15ರ ನಂತರ ಸುಮಾರು 4.2 ಪಾಯಿಂಟ್, 18 ಬಂದೊಡನೆ ಮತ್ತೆ ಮೊದಲಿನಂತೆ. ಶೀರ್ಷಿಕೆಯನ್ನು ಇಮ್ಮಡಿ ಅಗಲವಾಗಿಸುವ 14 ಆ ಸಾಲಿನೊಂದಿಗೆ ತಾನಾಗಿಯೇ ರದ್ದಾಗುತ್ತದೆ ಎಂಬುದನ್ನು ನೆನಪಿಡಬೇಕು. ಗೆರೆಗಳಿಗೆ ಬಳಸಿದ 196 ಮತ್ತು 179ನ್ನು ಡಾಸ್ ಕಾಲದ ಅಕ್ಷರಕೋಷ್ಟಕವಾದ ಕೋಡ್ ಪೇಜ್ 437ರ ಪ್ರಕಾರ ಓದಿದರೆ ಚೌಕಟ್ಟುಗಳು ಸರಿಯಾಗುತ್ತವೆ.

ಬ್ಯಾಂಕಿನಿಂದ ಬಂದ ಒಂದು ಕಟ್ಟು ಕಡತಗಳ ಜಾತಿಯೇ ಬೇರೆ. ಅವುಗಳಲ್ಲಿ ಎಸ್ಕೇಪ್ ಇಲ್ಲವೇ ಇಲ್ಲ. 133 ಅಕ್ಷರಗಳ ಸಾಲಿನಲ್ಲಿ ಮೊದಲ ಅಕ್ಷರವೇ ಪ್ರಿಂಟರಿಗೆ ಕೊಟ್ಟ ಸೂಚನೆ. ಅಲ್ಲಿ 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು ಮುದ್ರಣ, ಕೂಡುವ ಚಿಹ್ನೆ ಇದ್ದರೆ ಹಿಂದಿನ ಸಾಲಿನ ಮೇಲೆಯೇ ಮುದ್ರಣ. ಇದನ್ನು ಪಠ್ಯವೆಂದು ಉಳಿಸಿಕೊಂಡರೆ ಪುಟದ ಮೊದಲ ಸಾಲಿನಲ್ಲಿರುವ ಕ್ರಮಸಂಖ್ಯೆ 25 ಎಂಬುದು 125 ಆಗಿಬಿಡುತ್ತದೆ. ಈ ಕಡತಗಳಿಗೆ ಪ್ರತ್ಯೇಕ ಓದುಗನನ್ನು ಬರೆದಿದ್ದೇನೆ. ಯಾವ ಓದುಗ ಎಂಬುದನ್ನು ಪ್ರೋಗ್ರಾಮು ಊಹಿಸುವುದಿಲ್ಲ, ನಾನೇ ಸೂಚಿಸಬೇಕು.

ಇನ್ನು ಉಳಿದಿರುವುದು ಷೇರು ಪತ್ರಗಳ ಮೇಲಿರುವ ಸಂಘದ ಲಾಂಛನ. ಅದು 27, 42ರಿಂದ ಶುರುವಾಗುವ ಚುಕ್ಕಿಚಿತ್ರ. ಅದರ ಮುಂದಿನ ಬೈಟು 39, ಅಂದರೆ ಒಂದು ಕಂಬಸಾಲಿಗೆ 24 ಚುಕ್ಕಿಗಳು, ಮೂರು ಬೈಟುಗಳು. ಸದ್ಯಕ್ಕೆ ಅದರ ಉದ್ದವನ್ನು ಲೆಕ್ಕಹಾಕಿ ಅಷ್ಟೂ ಬೈಟುಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಲಾಂಛನದ ಜಾಗವನ್ನು ಖಾಲಿ ಬಿಡುತ್ತಿದ್ದೇನೆ.